ಹಾಲಮ್ಮನ ಕೈಯ ಹೊನ್ನೆಳೆ

ಆ ವಾರ್ಡಿನಲ್ಲಿ ರೋಗಿಗಳ ರಕ್ತನಾಳ ಕಾಣುತ್ತಿದ್ದುದು ಅವರು ತಮ್ಮ ಕಥೆ ಹೇಳುವಾಗ ಮಾತ್ರ. ಹಾಗಾಗಿ ನರ್ಸಿಂಗ್ ಹುಡುಗಿಯರಿಗೆ ಸೂಜಿ ಹಿಡಿಯುವ ಮೊದಲು ಕೇಳುವುದನ್ನು ಕಲಿಸುತ್ತಿದ್ದರು.

ವಯಸ್ಸಾದ ಹಾಲಮ್ಮನಿಗೆ ಬೇಗ ಡ್ರಿಪ್ ಹಾಕಬೇಕಿತ್ತು. "ಎಲ್ಲಿ ನೋವು? ಯಾವಾಗಿಂದ?" ಎಂದು, ಅಂದು ಸೂಜಿ ಹಾಕುವ ಪರೀಕ್ಷೆಗೆ ನಿಂತಿದ್ದ ಕೋಮಲಾ ಪಾಠ ಒಪ್ಪಿಸಿದಂತೆ ಕೇಳಿದಳು. ಅಜ್ಜಿಯ ಕೈಯಲ್ಲಿ ಏನೂ ಮೂಡಲಿಲ್ಲ.

"ಅದು ಕಾಯಿಲೆ ಕಥೆ ಕಣಮ್ಮ, ಅವರದ್ದಲ್ಲ," ಎಂದರು ಸದಾ ತುಂಬುತೋಳಿನ ಕೋಟು ತೊಡುವ ಸರೋಜಿನಿ ಸಿಸ್ಟರ್.

ಅಜ್ಜಿಯ ಅಂಗೈಯ ಸುಟ್ಟ ಕಲೆ ಕೋಮಲಾಳ ಕಣ್ಣಿಗೆ ಬಿತ್ತು. "ಇದೇನಜ್ಜಿ?"

"ಮಂಡಕ್ಕಿ ಭಟ್ಟೀದು ಕಣವ್ವ. ಬಾಣ್ಲಿ ಮರಳು ಕಾದೈತೋ ಇಲ್ವೋ ಅಂತ ಒಂದು ಹಿಡಿ ಅಕ್ಕಿ ಒಗೀತಿದ್ದೆ. ಒಂದೇ ಏಟಿಗೆ ಅರಳಿ, ಬಾಣ್ಲಿ ತುಂಬ ಮಲ್ಲಿಗೆ!"

ಅಜ್ಜಿಯ ಮಣಿಕಟ್ಟಿನಲ್ಲಿ ಹೊನ್ನಿನ ಎಳೆಯೊಂದು ಹೊತ್ತಿಕೊಂಡು ಮೊಣಕೈವರೆಗೆ ಹರಿಯಿತು. ಸೂಜಿ ಸಲೀಸಾಗಿ ಇಳಿಯಿತು. "ಆಮೇಲೆ?" ಎಂದಳು ಕೋಮಲಾ, ಪರೀಕ್ಷೆಯನ್ನೇ ಮರೆತು.

ಅಜ್ಜಿ ಹೇಳುತ್ತಾ ಹೇಳುತ್ತಾ ನಿದ್ದೆಹೋದಳು. ಅವಳ ಕೈಯ ಬೆಳಕು ಆರಿತು. ಆದರೆ ಕೋಮಲಾಳ ಮಣಿಕಟ್ಟಿನಲ್ಲಿ ಕೂದಲೆಳೆಯಷ್ಟು ಹೊನ್ನು ಉಳಿದಿತ್ತು. ಉಜ್ಜಿದರೂ ಹೋಗಲಿಲ್ಲ.

"ಸಿಸ್ಟರ್, ಇದೇನಿದು?"

ಸರೋಜಿನಿ ಸಿಸ್ಟರ್ ಕೋಟಿನ ತೋಳನ್ನು ಮೇಲಕ್ಕೆ ಮಡಿಚಿದರು. ಹಾಡಹಗಲಲ್ಲೂ ವಾರ್ಡೆಲ್ಲ ಬೆಳಗಿತು.