ಮನೆಗಾಡಿಯ ಎಡ ಟೈರು

ಕಾದ ರಬ್ಬರಿನ ವಾಸನೆ ಬಂತು. ಅರವತ್ತೊಂದು ವರ್ಷದ ಕ್ಲಾರಾ ಒಂದು ಕ್ಷಣ ಫ್ರಾಕು ತೊಟ್ಟು ಕಾರ್ಕಳದ ಅಪ್ಪನ ಪಂಚರ್ ಅಂಗಡಿಯಲ್ಲಿ ನಿಂತಂತಾದಳು. ಅದೇ ವಾಸನೆಯ ನಡುವೆ ಕೂತು ಅವಳು ಮಗ್ಗಿ ಬಾಯಿಪಾಠ ಮಾಡಿದ್ದು. ಆದರೆ ಈಗ ಅವಳು ಕೂತದ್ದು ಮನೆಗಾಡಿಯ ಸ್ಟಿಯರಿಂಗಿನ ಹಿಂದೆ, ಕಟಪಾಡಿ ದಾಟಿದ ಹೈವೇಯಲ್ಲಿ, ಮಟಮಟ ಮಧ್ಯಾಹ್ನ.

"ಎಂತದೋ ವಾಸನೆ ಉಂಟಲ್ಲ. ಟೈರಿಗೆ ಗಾಳಿ ನೋಡಿದ್ದೀರಿ ಅಲ್ವಾ?"

"ನೋಡದೆ ಮತ್ತೆ? ಒಂದೊಂದಕ್ಕೂ ಒದ್ದು ನೋಡಿದ್ದೇನೆ," ಎಂದರು ಪಕ್ಕದಲ್ಲಿದ್ದ ಗಂಡ ಸ್ಟ್ಯಾನಿಸ್ಲಾಸ್. ಕುವೈತಿನಲ್ಲಿ ಇಪ್ಪತ್ತೆಂಟು ವರ್ಷ ಟ್ರೈಲರ್ ಓಡಿಸಿದ ಕಾಲು ಅದು. ಆ ಕಾಲಿಗೆ ತಿಳಿಯದ ಗಾಳಿ ಯಾವ ಮೀಟರಿಗೂ ತಿಳಿಯದು ಎಂಬುದು ಅವರ ನಂಬಿಕೆ.

ಹಳೆಯ ಟೆಂಪೊ ಟ್ರಾವೆಲರ್ ಕೊಂಡು, ಹಿಂದೆ ಎರಡು ಮಂಚ, ಒಂದು ಗ್ಯಾಸ್ ಒಲೆ, ಪಾತ್ರೆ ತೊಳೆಯುವ ತೊಟ್ಟಿ ಎಲ್ಲ ಕೂಡಿಸಿ ಮನೆಗಾಡಿ ಮಾಡಿಸಿದ್ದು ಅವರೇ. ಬಣ್ಣ ಒಣಗುವ ಹೊತ್ತಿಗೆ ಮಣಿಪಾಲದ ಕಣ್ಣಿನ ಡಾಕ್ಟರು, "ಇನ್ನು ನೀವು ಓಡಿಸುವುದು ಬೇಡ" ಎಂದುಬಿಟ್ಟರು. ಬರುವ ತಿಂಗಳು ತಮಿಳುನಾಡಿನ ವೇಲಾಂಕಣಿ ಮಾತೆಯ ಯಾತ್ರೆಗೆ ಗಾಡಿಯನ್ನು ತಾನೇ ಓಡಿಸಿಕೊಂಡು ಹೋಗಬೇಕೆಂದು ಕ್ಲಾರಾಳಿಗೆ ಆಸೆ. ಸ್ಟ್ಯಾನಿಸ್ಲಾಸರು ಮಾತ್ರ ಲಿಯೋನೆಲ್ ಎಂಬ ಬಾಡಿಗೆ ಡ್ರೈವರಿಗೆ ಆಗಲೇ ಹೇಳಿಟ್ಟಿದ್ದರು. "ಮೊದಲು ಕಾಪು ಬೀಚಿನವರೆಗೆ ಓಡಿಸಿ ತೋರಿಸು, ಆಮೇಲೆ ನೋಡುವ" ಎಂದಿದ್ದರು. ಕುಕ್ಕುಂದೂರಿನ ಮನೆ ಬಿಟ್ಟಾಗಿನಿಂದ ಅವರ ಬಲಗಾಲು ತನ್ನ ಕಡೆ ಇಲ್ಲದ ಬ್ರೇಕನ್ನು ಒತ್ತುತ್ತಲೇ ಬಂದಿತ್ತು.

ವಾಸನೆ ಏರಿತು. ಬದಿಗೆ ನಿಲ್ಲಿಸೋಣವೆಂದು ಕ್ಲಾರಾ ಇಂಡಿಕೇಟರಿಗೆ ಕೈ ಹಾಕಿದ್ದಷ್ಟೆ, ಗರ್ನಾಲು ಸಿಡಿದಂತೆ ಮುಂದಿನ ಎಡ ಟೈರು ಒಡೆಯಿತು. ಗಾಡಿ ಚರಂಡಿಯ ಕಡೆಗೆ ಎಳೆಯತೊಡಗಿತು. ಹಿಂದಿನ ಪಾತ್ರೆಗಳೆಲ್ಲ ಒಂದೇ ಸಲ ಮಾತಾಡಿದವು.

"ಬ್ರೇಕ್ ಹಾಕು ಕ್ಲಾರಾ, ಬ್ರೇಕ್," ಸ್ಟ್ಯಾನಿಸ್ಲಾಸರು ಬೊಬ್ಬೆ ಹಾಕಿದರು.

ಕ್ಲಾರಾ ಹಾಕಲಿಲ್ಲ. "ಟೈರು ಒಡೆದಾಗ ಬ್ರೇಕ್ ಹಾಕಿದವ ಆಸ್ಪತ್ರೆಗೆ ಹೋಗುತ್ತಾನೆ, ಹಾಕದವ ನನ್ನ ಅಂಗಡಿಗೆ ಬರುತ್ತಾನೆ" ಎಂದು ಬಂದ ಗಿರಾಕಿಗಳಿಗೆಲ್ಲ ಅಪ್ಪ ಹೇಳುತ್ತಿದ್ದರು. ಅವಳು ಕೊಸರಾಡುವ ಎಮ್ಮೆಯ ಹಗ್ಗ ಹಿಡಿದಂತೆ ಎರಡೂ ಕೈಯಲ್ಲಿ ಸ್ಟಿಯರಿಂಗನ್ನು ನೇರಕ್ಕೆ ಹಿಡಿದಳು. ಆಕ್ಸಿಲರೇಟರಿನಿಂದ ಕಾಲನ್ನು ಒಮ್ಮೆಲೇ ಎತ್ತದೆ, ಅನ್ನದ ಗಂಜಿ ಬಸಿಯುವಷ್ಟು ನಿಧಾನಕ್ಕೆ ಸಡಿಲಿಸಿದಳು. ಗಾಡಿ ಕುಂಟಿತು, ಗೊಣಗಿತು, ಕೊನೆಗೆ ಮನುಷ್ಯರು ನಡೆಯುವ ವೇಗಕ್ಕೆ ಇಳಿಯಿತು. ಆಗ ಅದನ್ನು ಬದಿಯ ಮಣ್ಣಿಗೆ ತಂದು, ಮೆಲ್ಲನೆ ಬ್ರೇಕ್ ಒತ್ತಿ, ನಾಲ್ಕೂ ಸಿಗ್ನಲ್ ಹಾಕಿದಳು.

ಇಬ್ಬರೂ ಇಳಿದು ಟೈರಿನ ಚಿಂದಿ ನೋಡುತ್ತಿರುವಾಗ, ಎದುರು ಮನೆಯ ಜಗಲಿಯಲ್ಲಿ ಮಲ್ಲಿಗೆ ಕಟ್ಟುತ್ತಿದ್ದ ಅಪ್ಪಿ ಎಂಬ ಹೆಂಗಸು ಎದ್ದು ಬಂದಳು. ಯಾರೂ ಹೇಳದೆಯೇ ಒಂದು ಹಸಿ ಸೊಪ್ಪಿನ ಗೆಲ್ಲು ಮುರಿದು, ಹಿಂದಿನಿಂದ ಬರುವ ಗಾಡಿಗಳಿಗೆ ಗೊತ್ತಾಗಲೆಂದು ಹಿಂದೆ ಐವತ್ತು ಹೆಜ್ಜೆ ನಡೆದು ರಸ್ತೆಯಂಚಿಗೆ ಹಾಕಿದಳು. ಹಿಂತಿರುಗಿ ಬರುವಾಗ ಒಂದು ಚೊಂಬು ನೀರು ತಂದಳು.

"ಐಸ್‌ಕ್ರೀಮಿನ ಗಾಡಿಯಾ ಬಾಯಮ್ಮ?"

"ಅಲ್ಲ, ಇದು ನಮ್ಮ ಮನೆ."

ಅಪ್ಪಿ ಇಣುಕಿ ಮಂಚ, ಒಲೆ ಎಲ್ಲ ನೋಡಿದಳು. "ಒಳ್ಳೆದಾಯ್ತು. ಗಂಡನ ಹತ್ತಿರ ಜಗಳ ಆದರೆ ಮನೆಯನ್ನೇ ತವರಿಗೆ ಓಡಿಸಿಕೊಂಡು ಹೋಗಬಹುದು." ಆಮೇಲೆ ಸ್ಟ್ಯಾನಿಸ್ಲಾಸರ ಕಡೆ ತಿರುಗಿ, ಕ್ರೈಸ್ತ ಗಂಡಸರನ್ನು ಕರೆಯುವ ಊರ ರೂಢಿಯಂತೆ ಕರೆದಳು. "ಆದರೂ ಪೊರ್ಬುಗಳೇ, ನೀವು ಗಾಡಿ ನಿಲ್ಲಿಸಿದ್ದು ನಿಲ್ಲಿಸಿದ್ದೇ. ಹೋದ ವರ್ಷ ಇಲ್ಲೇ ಟೈರು ಒಡೆದ ಕಾರೊಂದು ಸೀದಾ ನನ್ನ ಮಲ್ಲಿಗೆ ಗಿಡಕ್ಕೆ ಬಂದು ಬಿದ್ದಿತ್ತು. ನಿಮ್ಮದು ಪಳಗಿದ ಕೈ."

ಸ್ಟ್ಯಾನಿಸ್ಲಾಸರು ಗಂಟಲು ಸರಿಮಾಡಿಕೊಂಡರು. ಸುಮ್ಮನಿದ್ದರೆ ಸಾಕಿತ್ತು, ಹೊಗಳಿಕೆ ಅವರದೇ ಆಗುತ್ತಿತ್ತು. ಕ್ಲಾರಾ ಚೊಂಬಿನೊಳಗೆ ಮುಖ ಹುದುಗಿಸಿ ನೀರು ಕುಡಿದಳು.

"ಓಡಿಸಿದ್ದು ನಾನಲ್ಲಮ್ಮ, ಇವಳು. ಬ್ರೇಕ್ ಹಾಕು ಅಂತ ಬೊಬ್ಬೆ ಹಾಕಿದ್ದು ನಾನು," ಎಂದರು ಅವರು.

ಅಪ್ಪಿ ಕ್ಲಾರಾಳನ್ನು ಮೇಲಿಂದ ಕೆಳಗೆ ನೋಡಿದಳು. ಜಗಲಿಗೆ ಹೋಗಿ, ಒಂದು ಮೊಳ ಮಲ್ಲಿಗೆ ತಂದು ಅವಳ ಜಡೆಗೆ ತಾನೇ ಸಿಕ್ಕಿಸಿದಳು.

ಜಾಕ್ ಕೊಟ್ಟು ಗಂಡ ಹೆಂಡತಿ ಇಬ್ಬರೂ ಸೇರಿ ಸ್ಟೆಪ್ನಿ ಹಾಕಿದರು. ಕ್ಲಾರಾ ಕೈಚೀಲದಲ್ಲಿ ಜಪಸರದ ಜೊತೆಗಿದ್ದ ಗಾಳಿಯ ಮೀಟರನ್ನು ತೆಗೆದು ಉಳಿದ ಟೈರುಗಳಿಗೆ ಹಿಡಿದಳು.

"ಹೇಗೆ ಉಂಟು?"

"ಮುಂದಿನದಕ್ಕೆ ಅರ್ಧ ಹೊಟ್ಟೆ."

"ಹಿಂದಿನವು?"

"ಅವು ಉಪವಾಸ. ಮೆಲ್ಲ ಹೋಗಿ ಮೊದಲು ಬಂಕಿನಲ್ಲಿ ತುಂಬಿಸುವ."

ಸ್ಟ್ಯಾನಿಸ್ಲಾಸರು ತಮ್ಮ ಬಲಗಾಲನ್ನೊಮ್ಮೆ ನೋಡಿಕೊಂಡರು.

ಕ್ಲಾರಾ ಸುಧಾರಿಸಿಕೊಳ್ಳಲೆಂದು ಡ್ರೈವರ್ ಸೀಟಿನಲ್ಲಿ ಕೂತಳು. ವೇಲಾಂಕಣಿಯ ಮಾತೆತ್ತಲು ಅವಳಿಗೆ ಧೈರ್ಯ ಬರಲಿಲ್ಲ. ಕಾಪು ಬೀಚು ಇನ್ನೂ ಬಂದಿರಲಿಲ್ಲವಲ್ಲ. ಹಿಂದಿನಿಂದ ಒಲೆ ಹತ್ತಿಸಿದ ಸದ್ದು, ಯಾವುದೋ ಮುಚ್ಚಳ ಬಿದ್ದ ಸದ್ದು, ಅದರ ನಡುವೆ ಗಂಡ ಫೋನಿನಲ್ಲಿ ತಗ್ಗಿದ ದನಿಯಲ್ಲಿ ಮಾತಾಡುವುದು ಕೇಳಿಸಿತು.

"ಲಿಯೋನೆಲ್, ನೀನು ಬರುವುದು ಬೇಡ. ಡ್ರೈವರ್ ಸಿಕ್ಕಿ ಆಯ್ತು... ಅನುಭವವಾ? ನನಗಿಂತ ಜಾಸ್ತಿ ಉಂಟು ಮಾರಾಯ."

ಸ್ವಲ್ಪ ಹೊತ್ತಿನಲ್ಲಿ ಅವರು ಸುತ್ತು ಬಳಸಿ ಬಂದು ಅವಳ ಕಿಟಕಿಯ ಹೊರಗೆ ನಿಂತರು. ಒಂದು ಬಟ್ಟಲನ್ನು ಒಳಗೆ ಚಾಚಿದರು. ಕುಚ್ಚಲಕ್ಕಿ ಅನ್ನ, ಹಬೆಯಾಡುವ ಮೀನಿನ ಸಾರು. ಮದುವೆಯಾದ ಲಾಗಾಯ್ತು ಅವರ ಬಟ್ಟಲಿಗೇ ಬೀಳುತ್ತಿದ್ದ ಅಂಜಲ್ ಮೀನಿನ ನಡುತುಂಡು, ಇವತ್ತು ಅವಳ ಅನ್ನದ ಮೇಲೆ ಕೂತಿತ್ತು.