ಕರಿಬಸವಯ್ಯನವರ ಏಟು

"ಸೋಂಬೇರಿ! ಕಾಲು ಎಳೀಬೇಡ್ವೋ, ಎತ್ತಿ ಇಡು!"

ಸೀಟಿ ಕಿರುಚಿತು. ರಂಗರಾಜು ಗೋಡೆ ಬಿಟ್ಟು ಎರಡು ಹೆಜ್ಜೆ ಕುಂಟಿ, ಮತ್ತೆ ಗೋಡೆಗೇ ಆತುಕೊಂಡ. ಎದುರಿಗೆ ಬಾಗಿಲು. ನಡುವೆ ಇರುವುದು ಒಂದು ಪೆನಾಲ್ಟಿ ಒದೆತದಷ್ಟು ಜಾಗ. ಅಷ್ಟೇ ದಾಟಬೇಕಿತ್ತು, ಅಷ್ಟೇ ಆಗುತ್ತಿರಲಿಲ್ಲ.

ಉಪ್ಪಾರಹಳ್ಳಿಯ ಆ ಸಣ್ಣ ನರ್ಸಿಂಗ್ ಹೋಮಿನಲ್ಲಿ ಇವತ್ತು ಕೊನೆಯ ದಿನ. ಮಧ್ಯಾಹ್ನದೊಳಗೆ ಗುಬ್ಬಿಯಿಂದ ವ್ಯಾನು ಬರುತ್ತದೆ, ಕೊಬ್ಬರಿ ಮೂಟೆ ಸಾಗಿಸುವ ವ್ಯಾನು. ಅಷ್ಟರೊಳಗೆ ಈ ಗೋಡೆಯಿಂದ ಆ ಬಾಗಿಲವರೆಗೆ, ಯಾರ ಕೈಯನ್ನೂ ಹಿಡಿಯದ ನಡಿಗೆ ಒಂದು ಸಲ ಕಂಡರೆ ಚಿಕಿತ್ಸೆ ಮುಂದುವರಿಯುತ್ತದೆ. ಕಾಣದಿದ್ದರೆ ವ್ಯಾನು, ಊರು, ಮಂಚ. ಮಂಚ ಹಿಡಿದವರ ಕಥೆ ರಂಗರಾಜುವಿಗೆ ಚೆನ್ನಾಗಿ ಗೊತ್ತು. ಮೊದಲು ಬೆನ್ನು ಹುಣ್ಣಾಗುತ್ತದೆ. ಆಮೇಲೆ ಮನೆಯವರೇ ದೇವರಿಗೆ ಕೈಮುಗಿಯುತ್ತಾರೆ, ಬೇಗ ಕರ್ಕೊಳ್ಳಪ್ಪ ಎಂದು.

"ಸುಮ್ನೆ ಆಸೆ ಇಟ್ಕೋಬೇಡಿ ರಂಗರಾಜು," ಎಂದು ದೊಡ್ಡ ಡಾಕ್ಟರು ನಿನ್ನೆಯೇ ಹೇಳಿದ್ದರು.

ಎಣ್ಣೆ ನೀವಿದ್ದಾಗಿತ್ತು. ಮರಳಿನ ಚೀಲ ಕಟ್ಟಿದ್ದಾಗಿತ್ತು. ಜೋಡಿ ಕಂಬಿ ಹಿಡಿದು ನಿಂತದ್ದೂ ಆಗಿತ್ತು. ಇಷ್ಟು ದಿನಕ್ಕೆ ಸಿಕ್ಕ ಲಾಭ ಬೈಗುಳ ಮಾತ್ರ.

ಬೈಯುವವರು ಕರಿಬಸವಯ್ಯ. ಕೋಚ್. ಗೋಡೆ ಪಕ್ಕದ ಕಬ್ಬಿಣದ ಕುರ್ಚಿಯಲ್ಲಿ ಕೂತೇ ಹುಕುಂ. ಬಲಗೈಯಲ್ಲಿ ಸೀಟಿ, ಎಡಗೈ ತೊಡೆಯ ಮೇಲೆ. ಬಾಯ್ತುಂಬ ಎಲೆಅಡಿಕೆ ಇಟ್ಟುಕೊಂಡವರ ಹಾಗೆ ಮಾತು ಒಂದು ಪಕ್ಕಕ್ಕೆ ಜಾರುತ್ತಿತ್ತು. ಅವರ ಹಿಂದೆ ನರ್ಸ್ ಸ್ವರ್ಣಲತಾ ಕುರ್ಚಿಯ ಬೆನ್ನು ಹಿಡಿದು ನಿಂತಿದ್ದಳು.

"ಹೊಟ್ಟೆ ನೋಡು, ಬಸುರಿ ಥರ! ಶನಿವಾರ ಫೈನಲ್ಲು ಕಣ್ಲಾ. ಈ ಹೊಟ್ಟೆ ಹೊತ್ಕೊಂಡು ಓಡ್ತೀಯಾ?"

"ಆಗ್ತಿಲ್ಲ ಸಾರ್. ನೀವೇ ಒಂದ್ಸಲ ನಡ್ದು ತೋರಿಸ್ಕೊಡಿ."

"ನಾನ್ಯಾಕ್ಲಾ ತೋರಿಸ್ಲಿ? ಕಾಲು ಮುರ್ಕೊಂಡಿರೋನು ನೀನಾ, ನಾನಾ?"

ಸ್ವರ್ಣಲತಾ ಕಿಟಕಿಯ ಕಡೆ ಮುಖ ತಿರುಗಿಸಿದಳು.

ಕಾಲು ಮುರಿದಿದ್ದು ರಂಗರಾಜುವಿನದೇ. ಕುಣಿಗಲ್ ಕಡೆಯ ರಾಗಿ ಹೊಲದಲ್ಲಿ ಬರಿಗಾಲಲ್ಲಿ ಚೆಂಡು ಒದ್ದವನನ್ನು ಬೆಂಗಳೂರಿನ ಕಾರ್ಖಾನೆಯೊಂದರ ತಂಡ ಸಂಬಳ ಕೊಟ್ಟು ಆಡಿಸುತ್ತಿತ್ತು. ಆ ತಂಡದಲ್ಲಿ ಒಂದು ಕಟ್ಟುಪಾಡು. ಬಿದ್ದವನ ಹತ್ತಿರ ಸ್ಟ್ರೆಚರ್ ಹೋಗಕೂಡದು. ಕೋಚ್ ಆದವರು ಗೆರೆ ದಾಟಬಾರದೆಂದು ರೆಫರಿ ಕೂಗಿಕೊಂಡರೂ ಕರಿಬಸವಯ್ಯ ತಾವೇ ಮೈದಾನಕ್ಕೆ ನುಗ್ಗುತ್ತಿದ್ದರು. ಬಿದ್ದವನ ಹಿಂದಲೆಗೆ ಒಂದು ಏಟು. ಆಮೇಲೆ "ಏಳ್ಲಾ" ಎಂದು ಚಾಚಿದ ಕೈ. ಯಾರೇ ಬೀಳಲಿ, ಅವರಿಂದ ಕೂತಿರಲು ಆಗುತ್ತಿರಲಿಲ್ಲ.

ತೊಂಬತ್ಮೂರರ ಸೆಮಿಫೈನಲಿನಲ್ಲಿ ರಂಗರಾಜು ಏಟು ತಿಂದರೂ ಏಳಲಿಲ್ಲ. ಮೊಣಕಾಲು ತಿರುಚಿ ಮುರಿದಿತ್ತು. ಜೊತೆಯ ಆಟಗಾರರು ಬಾಳೆಹಣ್ಣು ಕೊಟ್ಟು ಹೋದರು. ಕಾರ್ಖಾನೆ ಸಂಬಳ ನಿಲ್ಲಿಸಿತು. ಕರಿಬಸವಯ್ಯ ಮಾತ್ರ ಹಾಸಿಗೆಯ ಪಕ್ಕ ಸೀಟಿ ಹಿಡಿದು ನಿಂತರು. ಅಂದಿನಿಂದ ರಂಗರಾಜು ಆಸ್ಪತ್ರೆಯ ಫಿನಾಯಿಲ್ ವಾಸನೆಯಿಂದ ಹೊರಗೆ ಬಂದೇ ಇಲ್ಲ.

ಸ್ವರ್ಣಲತಾಳ ಮೊಬೈಲ್ ಗುಂಯ್ಗುಟ್ಟಿತು. ಕೇಳಿಸಿಕೊಂಡು ಮೆಲ್ಲಗೆ ಹೇಳಿದಳು: "ವ್ಯಾನು ಗುಬ್ಬಿ ಗೇಟ್ ಹತ್ರ ಬಂದೈತಂತೆ."

ಪಟ್ಟಣದ ಅಂಚಿನ ಗುಬ್ಬಿ ಗೇಟಿನಿಂದ ಇಲ್ಲಿಗೆ ಇನ್ನೆಷ್ಟು ಹೊತ್ತು? ರಂಗರಾಜುವಿನ ಅಂಗಿ ಬೆನ್ನಿಗೆ ಅಂಟಿತ್ತು. ಬಾಗಿಲ ಹಿಂದಿನ ಮೊಳೆಯಲ್ಲಿ ಯಾರದೋ ಬಿಳಿ ಕೋಟು ಫ್ಯಾನಿನ ಗಾಳಿಗೆ ಅಲ್ಲಾಡುತ್ತಿತ್ತು. ಅದನ್ನೇ ನೋಡುತ್ತ ಅವನು ಗೋಡೆ ಬಿಟ್ಟ. ಒಂದು ಹೆಜ್ಜೆ. ಇನ್ನೊಂದು. ಕುಂಟುತ್ತ ಬಾಗಿಲ ಹತ್ತಿರ ಬಂದ. ಇನ್ನೇನು ಹೊಸ್ತಿಲು ಎನ್ನುವಾಗ ಮೊಣಕಾಲು ಸಡಿಲ ಬಿಟ್ಟ. ದಡ್ ಎಂದು ಬೋರಲು ಬಿದ್ದ.

ಸ್ವರ್ಣಲತಾ ಓಡಿಬರಲು ಹೊರಟಳು. ಬಿದ್ದಲ್ಲಿಂದಲೇ ಬೆರಳಾಡಿಸಿ ಬೇಡ ಎಂದ.

"ಏಳ್ಲಾ!" ಕುರ್ಚಿಯಿಂದ ಗದರಿಕೆ.

ಏಳಲಿಲ್ಲ.

ಸೀಟಿ ಕೂಗಿತು. ಇನ್ನೊಮ್ಮೆ ಕೂಗಿತು. ಏಳಲಿಲ್ಲ.

"ಸಾಕು ಸಾರ್," ನೆಲಕ್ಕೆ ಕೆನ್ನೆ ಕೊಟ್ಟೇ ಹೇಳಿದ. ಆ ದನಿ ಮಾತ್ರ ನಟನೆಯಾಗಿರಲಿಲ್ಲ. "ನನ್ ಕೈಲಿ ಆಗಲ್ಲ. ವ್ಯಾನ್ ಬರ್ಲಿ ಬುಡಿ."

"ಏನಂದೆ? ಏನ್ಲಾ ಅಂದೆ ನೀನು?"

ಹೊರಗೆ ಯಾವುದೋ ಗಾಡಿ ಬಂದು ನಿಂತಿತು. ಅದರ ಬಾಗಿಲು ಬಡಿದ ಸದ್ದಾಯಿತು.

ಒಳಗೆ ಕುರ್ಚಿ ಕಿರುಗುಟ್ಟಿತು. ಸೀಟಿ ನೆಲಕ್ಕೆ ಬಿದ್ದು ಉರುಳಿತು. ಆಮೇಲೆ ಒಂದು ಪಾದ ಟಪ್ ಎಂದು ಊರಿತು. ಇನ್ನೊಂದು ಸರ್ರೆಂದು ಎಳೆದುಕೊಂಡು ಬಂತು. ನಿಂತಿತು. ರಂಗರಾಜು ಕಣ್ಣು ಮುಚ್ಚಿಕೊಂಡ. ಮತ್ತೆ ಟಪ್, ಮತ್ತೆ ಸರ್.

"ಎಳೀಬೇಡಿ ಸಾರ್," ತುಟಿಯೊಳಗೇ ಅಂದುಕೊಂಡ. "ಎತ್ತಿ ಇಡಿ."

ಹಿಂದಲೆಗೆ ಏಟು ಬಿತ್ತು. ಹಳೆಯ ಏಟಿನ ಕಾಲು ಭಾಗದಷ್ಟೂ ಜೋರಿರಲಿಲ್ಲ.

"ಏಳ್ಲಾ. ಶನಿವಾರ ಫೈನಲ್ಲು."

ಮುಖದ ಮುಂದೆ ಕೈಯೊಂದು ಚಾಚಿಕೊಂಡಿತ್ತು. ರಂಗರಾಜು ಅದನ್ನು ಬರೀ ಮುಟ್ಟಿ, ತನ್ನ ಬಲದಲ್ಲೇ ಎದ್ದು ನಿಂತ. ಬಾಗಿಲಲ್ಲಿ ವ್ಯಾನಿನ ಕೀ ಹಿಡಿದ ಗಂಡಸೊಬ್ಬ ಬಾಯಿ ತೆರೆದುಕೊಂಡು ನಿಂತಿದ್ದ.

"ಅಪ್ಪಾ…" ಎಂದ ಅವನು, ಕರಿಬಸವಯ್ಯನವರನ್ನು ನೋಡಿ.

ಸ್ವರ್ಣಲತಾ ಖಾಲಿ ಗಾಲಿಕುರ್ಚಿಯನ್ನು ಮೂಲೆಗೆ ತಳ್ಳಿ, ಮೊಳೆಯ ಮೇಲಿನ ಬಿಳಿ ಕೋಟು ತೆಗೆದು ರಂಗರಾಜುವಿನ ಕೈಗಿಟ್ಟಳು: "ಹಾಕ್ಕೊಳ್ಳಿ ಫಿಸಿಯೋ ಸಾರ್, ನಿಮ್ ಪೇಷಂಟ್ ಮನೆಯವ್ರು ಬಂದವ್ರೆ."