ಕೋಲು ನಿಂತ ಜಾಗ

ಹಿಮದ ಆಳ ಅಳೆಯುವ ಕೋಲು ನೆಲ ಮುಟ್ಟುತ್ತಿಲ್ಲವೇನೋ ಎಂಬ ಅಳುಕು ಮೂರನೆಯ ಅಳತೆಯಲ್ಲೇ ಹುಟ್ಟಿತ್ತು. ಸುನ್ನಾ ಅದನ್ನು ತನಗೆ ತಾನೇ ಹೇಳಿಕೊಂಡು ಸುಮ್ಮನಾದಳು. ಹಿಮದಡಿಯ ನೆಲವಾದರೆ ಪಾಚಿಯ ಮೆತ್ತನೆ ಕೈಗೆ ತಿಳಿಯಬೇಕು. ಇಲ್ಲಿ ಪ್ರತಿ ಸಲವೂ ಕೋಲು ಟಕ್ಕೆಂದು ನಿಲ್ಲುತ್ತಿತ್ತು. ಆದರೂ ಕೂಗಿದಳು, ಮೂವತ್ತಾರು. ಹತ್ತು ಹೆಜ್ಜೆ ಮುಂದೆ, ಮೂವತ್ತನಾಲ್ಕು. ಸರ್ಕಾರಿ ಅಳತೆ ತಂಡದ ಮುಖ್ಯಸ್ಥ ಹಾಲ್ವರ್ ಬರೆದುಕೊಳ್ಳುತ್ತಾ ಬಂದ.

ಸೂರ್ಯ ಕಂಡು ಏಳು ವಾರವಾಗಿತ್ತು. ನಡುಮಧ್ಯಾಹ್ನದ ನೀಲಿ ಬೆಳಕಿನಲ್ಲಿ ಅವಳ ಸೋದರಮಾವ ಇಸ್ಸಾತ್ ಹಿಮಸ್ಕೂಟರ್ ತಂದು ನಿಲ್ಲಿಸಿದಾಗ ಇಪ್ಪತ್ತೂ ಅಳತೆ ಮುಗಿದಿದ್ದವು. ಅವನ ನಾನೂರು ಹಿಮಸಾರಂಗಗಳು ಮೇಯುವುದು ನಾರ್ವೆಯ ಉತ್ತರ ತುದಿಯ ಫಿನ್‌ಮಾರ್ಕಿನ ಈ ಬಯಲಿನಲ್ಲೇ. ಹಿಮ ಐವತ್ತು ಸೆಂಟಿಮೀಟರ್ ದಾಟಿದೆ ಎಂದು ವರದಿ ಹೋದರೆ ಮಾತ್ರ ಮಂದೆಯನ್ನು ಮರದ ಪಾಚಿ ಸಿಗುವ ಕಾಡಿನ ಕಡೆ ಹೊಡೆಯಲು ಸಾರಂಗ ಇಲಾಖೆಯ ಕಚೇರಿ ಒಪ್ಪುತ್ತದೆ.

ಎಷ್ಟಾಯಿತೆಂದು ಮಾವ ಕೇಳಿದ. ಸರಾಸರಿ ಮೂವತ್ತೈದು, ಮೇವಿಗೇನೂ ತೊಂದರೆಯಿಲ್ಲ ಎಂದ ಹಾಲ್ವರ್.

"ಓಹೋ. ಹಾಗಾದ್ರೆ ನಮ್ಮ ಸಾರಂಗಗಳು ಕೊಬ್ಬು ಜಾಸ್ತಿಯಾಗಿ ಉಪವಾಸ ಕೂತಿವೆ ಅನ್ನಿ" ಎಂದ ಮಾವ.

ನಿನ್ನೆ ಎರಡು ಸತ್ತಿದ್ದವು. ಮೇವಿಗಾಗಿ ಹಿಮ ಕೆರೆದೂ ಕೆರೆದೂ ಗೊರಸಿನ ಅಂಚೆಲ್ಲ ರಕ್ತ. ಕ್ರಿಸ್‌ಮಸ್ ವಾರ ಹಿಮದ ಮೇಲೆ ಮಳೆ ಸುರಿದದ್ದು, ಅದು ಮಂಜುಗಡ್ಡೆಯಾಗಿ ಹೆಪ್ಪುಗಟ್ಟಿದ್ದು, ಅದರ ಮೇಲೆ ಮತ್ತೆ ಹಿಮ ಕೂತದ್ದು, ಎಲ್ಲವನ್ನೂ ಮಾವ ಹೇಳಿದ. ಹೇಳುವಾಗ ಒಮ್ಮೆಯೂ ಸುನ್ನಾಳ ಕಡೆ ನೋಡಲಿಲ್ಲ. ಬೈದಿದ್ದರೇ ಚೆನ್ನಾಗಿತ್ತು ಅನ್ನಿಸಿತು ಅವಳಿಗೆ.

ಹಾಲ್ವರ್ ಕೈಪಿಡಿ ತೆರೆದು ತೋರಿಸಿದ. ಕೋಲಿಗೆ ಬಲ ಹಾಕುವಂತಿಲ್ಲ. ಅದು ನಿಂತಲ್ಲೇ ನೆಲ. ಆಮೇಲೆ ಹಾಳೆಯನ್ನು ಸುನ್ನಾಳತ್ತ ಚಾಚಿದ. "ಅಳೆದವಳು ನೀನು. ಸಹಿ ಹಾಕು, ಹೊರಡೋಣ. ಮೂಗು ಉದುರಿಹೋಗ್ತಿದೆ."

ಅವಳು ಪೆನ್ನು ತೆಗೆದುಕೊಳ್ಳಲಿಲ್ಲ. ಕೋಲನ್ನು ಕೊನೆಯ ತೂತಿಗೇ ಇಳಿಸಿ, ಎರಡೂ ಕೈಯಲ್ಲಿ ಹಿಡಿದು, ಮೈಭಾರವನ್ನೆಲ್ಲ ಹಾಕಿ ಒತ್ತಿದಳು. ಒಳಗೆಲ್ಲೋ ಗಾಜು ಒಡೆದಂಥ ಸದ್ದು. ಕೋಲು ಸರಕ್ಕನೆ ಇಳಿದು ಮೆತ್ತಗೆ ನಿಂತಿತು. ಎಪ್ಪತ್ತೊಂದು.

"ನಿಯಮ ಮುರಿದೆ ನೀನು" ಎಂದ ಹಾಲ್ವರ್. "ಇದು ಲೆಕ್ಕಕ್ಕೆ ಬರಲ್ಲ. ನಾಳೆಯಿಂದ ನೀನೂ ಬರೋದು ಬೇಡ."

ಸುನ್ನಾ ಕೋಲನ್ನು ಅಲ್ಲೇ ನೆಟ್ಟು ಬಿಟ್ಟಳು.

"ಬರಲ್ಲ. ಆದ್ರೆ ಬೆಳಿಗ್ಗೆಯಿಂದ ನಾನು ಕೂಗಿದ್ದು ಮಂಜುಗಡ್ಡೆವರೆಗಿನ ಅಳತೆ, ನೆಲದವರೆಗಿನದಲ್ಲ. ಗೊತ್ತಿದ್ದೂ ಕೂಗಿದೆ. ಅದನ್ನ ಬರೀರಿ, ಅದಕ್ಕೆ ಸಹಿ ಹಾಕ್ತೀನಿ."